ಬೀಜ ಎಲ್ಲಿಂದ ಬಂತು?

ಬ್ಲಾಕು ಜೋಡಿಸಿ ಲೋಕ ಕಟ್ಟುವ ಕಂಪ್ಯೂಟರ್ ಆಟ ಮೈನ್‌ಕ್ರಾಫ್ಟ್‌ನಲ್ಲಿ ಗೋಧಿ ಎಷ್ಟು ನಿಧಾನಕ್ಕೆ ಬೆಳೆಯುತ್ತದೆ ಅನ್ನುವುದು ಆಡಿದವರಿಗೆಲ್ಲ ಗೊತ್ತು. ಬಿತ್ತಿದ ಬೀಜದಿಂದ ತೆನೆಯವರೆಗೆ ಎಂಟು ಹಂತಗಳಿವೆ. ಆಟದ ಲೋಕವನ್ನು ನಡೆಸುವ ಪ್ರೋಗ್ರಾಮು, ಅಂದರೆ ಸರ್ವರ್, ಸೆಕೆಂಡಿಗೆ 20 ಸಲ ಇಡೀ ಲೋಕವನ್ನು ಒಂದೊಂದು ಟಿಕ್ ಮುಂದಕ್ಕೆ ತಳ್ಳುತ್ತದೆ. ಪ್ರತಿ ಟಿಕ್‌ನಲ್ಲೂ 16 ಉದ್ದ, 16 ಅಗಲ, 16 ಎತ್ತರದ ಒಂದೊಂದು ತುಂಡಿನಿಂದ ಮೂರೇ ಮೂರು ಬ್ಲಾಕುಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಒಂದು ತುಂಡಿನಲ್ಲಿ 4,096 ಬ್ಲಾಕುಗಳಿರುವುದರಿಂದ ಒಂದು ಪೈರಿನ ಸರದಿ ಬರುವುದು ಸರಾಸರಿ 68 ಸೆಕೆಂಡಿಗೊಮ್ಮೆ. ಸರದಿ ಬಂದ ಮಾತ್ರಕ್ಕೆ ಬೆಳೆದೇ ಬೆಳೆಯುತ್ತದೆ ಅಂತಲೂ ಇಲ್ಲ. ಬೆಳಕು ಇದೆಯಾ, ಮಣ್ಣು ಒದ್ದೆಯಾಗಿದೆಯಾ, ಅಕ್ಕಪಕ್ಕದಲ್ಲಿ ಏನು ಬೆಳೆದಿದೆ ಅನ್ನುವುದನ್ನೆಲ್ಲ ನೋಡಿಕೊಂಡು ಆಮೇಲೆ ಒಂದು ಹಂತ ಮೇಲೇಳುತ್ತದೆ, ಇಲ್ಲವೇ ಸುಮ್ಮನಿರುತ್ತದೆ.

ಸರ್ವರ್ ನಡೆಸುವವನಿಗೆ ಮಾತ್ರ ಈ ಕಾಯುವಿಕೆ ಬೇಕಿಲ್ಲ. ಒಂದು ಸಾಲಿನ ಕಮಾಂಡ್ ಕೊಟ್ಟರೆ ಹೊಲದ ತುಂಬ ಬಲಿತ ಗೋಧಿ ನಿಲ್ಲುತ್ತದೆ. ಅಕ್ಕನ ಮಕ್ಕಳು ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಾಗ ಹಳೇ ಲ್ಯಾಪ್‌ಟಾಪ್ ಒಂದರಲ್ಲಿ ಅವರಿಗೋಸ್ಕರ ಸರ್ವರ್ ಹಾಕಿಕೊಟ್ಟಿದ್ದೆ. ಚಿಕ್ಕವನು ಕೇಳಿದ: "ಮಾಮ, ನೀನು ಕಂಪ್ಯೂಟರ್ ಕೆಲಸ ಮಾಡ್ತೀಯಲ್ಲ, ಒಂದ್ಸಲ ಇದ್ನೆಲ್ಲ ಬೆಳೆಸಿಬಿಡು." ಬೆಳೆಸಿಕೊಟ್ಟೆ. ನಡುವೆ ನೀರು, ಸುತ್ತ 80 ಪಾತಿ, ಎಲ್ಲ ಪಾತಿಯಲ್ಲೂ ಹಳದಿ ತೆನೆ. ಅವನು ಕುಣಿದಾಡಿದ. ಅವನ ಅಕ್ಕ, ಆರನೇ ಕ್ಲಾಸಿನವಳು, ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, "ಬೀಜ ಎಲ್ಲಿಂದ ಬಂತು?" ಅಂದಳು. ಎಲ್ಲಿಂದಲೂ ಬಂದಿಲ್ಲ ಪುಟ್ಟಿ, ಕಂಪ್ಯೂಟರ್ ಹಾಕಿದ್ದು ಅಂದೆ. "ಹಾಗಾದ್ರೆ ಬ್ಯಾಡ, ತೆಗಿ."

ತೆಗೆದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವೃತ್ತಿಯಲ್ಲಿ ನಾನು ಮಾಡುವುದು ಯಾರದೋ ಕೈಕೆಲಸವನ್ನು ಸ್ಕ್ರಿಪ್ಟಿಗೆ, ಅಂದರೆ ಚಿಕ್ಕ ಪ್ರೋಗ್ರಾಮಿಗೆ, ಒಪ್ಪಿಸುವ ಕೆಲಸವೇ. ಅಲ್ಲಿ ಕೇಳುವುದು ಎಷ್ಟು ಬೇಗ ಆಯಿತು, ಎಷ್ಟು ಜನರ ಕೆಲಸ ಉಳಿಯಿತು ಅಂತ. ಹೀಗೆ ಬಂದದ್ದಕ್ಕೆ ಬೆಲೆ ಯಾರು ಕೊಟ್ಟರು ಅಂತ ಯಾರೂ ಕೇಳುವುದಿಲ್ಲ. ಇವಳ ಲೋಕದಲ್ಲಿ ಆ ಬೆಲೆ ಕಣ್ಣಿಗೆ ಕಾಣುತ್ತಿತ್ತು. ಆಟದ ಹಳ್ಳಿಯ ರೈತ 20 ಗೋಧಿಗೆ ಒಂದು ಪಚ್ಚೆ (ಅಲ್ಲಿನ ಹಣ) ಕೊಡುತ್ತಾನೆ. ನನ್ನ ಒಂದು ಕಮಾಂಡಿಗೆ 80 ಗೋಧಿ, ಅಂದರೆ ನಾಲ್ಕು ಪಚ್ಚೆ. ಅವಳು ಕಾದು ಕೂಡಿಟ್ಟ ಪಚ್ಚೆಗಳೂ ಮಕ್ಕಳ ಪೆಟ್ಟಿಗೆಯಲ್ಲಿದ್ದವು. ನಾನು ಎಂಟರ್ ಒತ್ತಿದ ಗಳಿಗೆಯಲ್ಲಿ ಅವುಗಳ ಬೆಲೆಯೂ ಇಳಿದುಹೋಯಿತು, ಅದು ಅವಳಿಗೆ ತಕ್ಷಣ ಅರ್ಥವಾಗಿತ್ತು.

ಆ ರಜೆಯಲ್ಲಿ ಬರೆದ ಸ್ಕ್ರಿಪ್ಟುಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹುಟ್ಟಿದವು. ಯಾವುದೂ ಒಂದು ಪರದೆಗಿಂತ ಉದ್ದ ಇಲ್ಲ. ಎಲ್ಲವೂ ಕ್ಲೋಜರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿವೆ. ಆ ಭಾಷೆಯೇ ಯಾಕೆ ಅನ್ನುವುದಕ್ಕೂ ಮಕ್ಕಳ ಜಗಳಕ್ಕೂ ಸಂಬಂಧ ಇದೆ, ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊರಗಿನ ಬಾಗಿಲು, ಒಳಗಿನ ಬಾಗಿಲು

ಮೈನ್‌ಕ್ರಾಫ್ಟ್ ಸರ್ವರ್ ಜೊತೆ ಸ್ಕ್ರಿಪ್ಟಿನಿಂದ ಮಾತಾಡಲು ಎರಡು ದಾರಿ ಇವೆ. ಹೊರಗಿನದು ಆರ್‌ಕಾನ್, ದೂರದಿಂದ ಕಮಾಂಡ್ ಕಳಿಸುವ ವ್ಯವಸ್ಥೆ. ಸರ್ವರ್‌ನ ಸೆಟ್ಟಿಂಗ್ಸ್ ಫೈಲಿನಲ್ಲಿ ಅದನ್ನು ಆನ್ ಮಾಡಿ ಒಂದು ಪಾಸ್‌ವರ್ಡ್ ಕೊಟ್ಟರೆ 25575ನೇ ಪೋರ್ಟ್‌ನಲ್ಲಿ ಅದು ಕಿವಿಗೊಟ್ಟು ಕೂರುತ್ತದೆ. ಕಳಿಸಬೇಕಾದ್ದು ಬಹಳ ಸರಳ: ಸಂದೇಶದ ಉದ್ದ, ಒಂದು ಗುರುತಿನ ಸಂಖ್ಯೆ, ಯಾವ ಬಗೆ ಅನ್ನುವ ಸಂಖ್ಯೆ (ಲಾಗಿನ್ ಆದರೆ 3, ಕಮಾಂಡ್ ಆದರೆ 2), ಆಮೇಲೆ ಪಠ್ಯ, ಕೊನೆಗೆ ಎರಡು ಸೊನ್ನೆ ಬೈಟ್. ಸಂಖ್ಯೆಗಳ ಬೈಟ್‌ಗಳನ್ನು ಚಿಕ್ಕ ಕಡೆಯಿಂದ ಜೋಡಿಸಬೇಕು. ಕ್ಲೋಜರ್‌ನ ಬುಡದಲ್ಲಿರುವ ಜಾವಾ ತಾನಾಗಿ ದೊಡ್ಡ ಕಡೆಯಿಂದ ಜೋಡಿಸುತ್ತದೆ, ಆದ್ದರಿಂದ ಅದನ್ನು ತಿರುಗಿಸಿಕೊಳ್ಳಬೇಕು. ಮಿಖೀಲ್ ಬೋರ್ಕೆಂಟ್ ಅವರ ಬಾಬಾಶ್ಕಾ ಇದ್ದರೆ ಇದಕ್ಕೆ ಜಾವಾ ಇನ್‌ಸ್ಟಾಲ್ ಮಾಡುವುದೂ ಬೇಡ. ಕ್ಲೋಜರ್ ಸ್ಕ್ರಿಪ್ಟ್ ಟರ್ಮಿನಲ್‌ನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಶುರುವಾಗುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ. ಒಂದು ಎಚ್ಚರ ಮಾತ್ರ ಬೇಕು: ಆರ್‌ಕಾನ್‌ನಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹೋಗುತ್ತದೆ, ಮನೆಯ ನೆಟ್‌ವರ್ಕಿನಿಂದ ಹೊರಕ್ಕೆ ಆ ಪೋರ್ಟ್ ತೆರೆಯಬಾರದು.

ಆದರೆ ಹೊರಗೆ ನಿಂತವನಿಗೆ ಆಜ್ಞೆ ಕೊಡಲಷ್ಟೇ ಬರುತ್ತದೆ. ಒಳಗೆ ಏನಿದೆ ಅಂತ ತಿಳಿಯಬೇಕಾದರೆ ಸರ್ವರ್ ವಾಪಸ್ ಕಳಿಸುವ ಒಂದು ಸಾಲು ಪಠ್ಯವನ್ನು ಬಿಡಿಸಿ ಓದಿಕೊಳ್ಳಬೇಕು. ಪೆಟ್ಟಿಗೆಯಲ್ಲಿ ಬೀಜ ಎಷ್ಟಿವೆ ಅಂತ ನೋಡಿ ಆಮೇಲೆ ಬಿತ್ತಬೇಕು ಅಂದರೆ ಇದು ಕಿರಿಕಿರಿ. ಒಳಗಿನ ಬಾಗಿಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಸರ್ವರ್ ಜಾವಾ ಪ್ರೋಗ್ರಾಮು. ರಿಚ್ ಹಿಕ್ಕಿ 2007ರಲ್ಲಿ ಹೊರತಂದ ಕ್ಲೋಜರ್ ಓಡುವುದೂ ಅದೇ ಜೆವಿಎಂ ಮೇಲೆ, ಅಂದರೆ ಜಾವಾ ಪ್ರೋಗ್ರಾಮುಗಳನ್ನು ಓಡಿಸುವ ತಳಹದಿಯ ಮೇಲೆ. ಪ್ಲಗಿನ್ ಸೇರಿಸಲು ಬಿಡುವ ಪೇಪರ್ ಅನ್ನುವ ಸರ್ವರ್ ಹಾಕಿಕೊಂಡು, ಅದು ಶುರುವಾಗುವಾಗಲೇ ಕ್ಲೋಜರ್‌ನ ರೆಪಲ್ (ಬರೆದ ಸಾಲನ್ನು ಆಗಲೇ ಓಡಿಸಿ ಉತ್ತರ ತೋರಿಸುವ ಕಿಟಕಿ) ತೆರೆಯುವ ಚಿಕ್ಕ ಪ್ಲಗಿನ್ ಸೇರಿಸಿದರೆ ಮುಗಿಯಿತು. ಎಡಿಟರ್‌ನಲ್ಲಿ ಒಂದು ಸಾಲು ಬರೆದು ಕಳಿಸಿದರೆ ಅದು ಓಡುತ್ತಿರುವ ಲೋಕದ ಒಳಗೇ ನಡೆಯುತ್ತದೆ. ಸರ್ವರ್ ನಿಲ್ಲಿಸಿ ಮತ್ತೆ ಹಚ್ಚುವ ಗೊಡವೆ ಇಲ್ಲ, ಮಕ್ಕಳು ಆಡುತ್ತಲೇ ಇರಬಹುದು. ಇದೇ ಕೆಲಸಕ್ಕೆ ಆರ್ನೆ ಬ್ರಾಸೂರ್ ಅವರ ವಿಚ್‌ಕ್ರಾಫ್ಟ್ ಅನ್ನುವ ಸಿದ್ಧ ಲೈಬ್ರರಿ ಇದೆ, ಗಂಭೀರವಾಗಿ ಮಾಡುವವರು ಅದನ್ನು ನೋಡಬೇಕು. ನಾನು ಬೇಕೆಂದೇ ಬರಿಗೈಯಲ್ಲಿ ಬರೆದೆ. ಮಕ್ಕಳು ಕೇಳಿದಾಗ ಪ್ರತಿ ಸಾಲೂ ಏನು ಮಾಡುತ್ತದೆ ಅಂತ ತೋರಿಸಬೇಕಿತ್ತು.

ಒಳಗೆ ಹೋದವರು ಪಾಲಿಸಲೇಬೇಕಾದ ಕಟ್ಟಳೆ ಒಂದಿದೆ. ಬ್ಲಾಕು ಬದಲಾಯಿಸುವುದೇನಿದ್ದರೂ ಸರ್ವರ್‌ನ ಮುಖ್ಯ ಥ್ರೆಡ್‌ನಲ್ಲೇ, ಅಂದರೆ ಟಿಕ್‌ಗಳನ್ನು ನಡೆಸುವ ಕೆಲಸದ ಸಾಲಿನಲ್ಲೇ, ಆಗಬೇಕು. ರೆಪಲ್ ಇರುವುದು ಬೇರೆ ಥ್ರೆಡ್‌ನಲ್ಲಿ, ಅಲ್ಲಿಂದ ನೇರವಾಗಿ ಮುಟ್ಟಲು ಹೋದರೆ ಪೇಪರ್ ಒಪ್ಪುವುದಿಲ್ಲ. ಕೆಲಸವನ್ನು ಷೆಡ್ಯೂಲರ್ ಕೈಗೆ ಕೊಡಬೇಕು, ಅದು ಮುಂದಿನ ಟಿಕ್‌ನಲ್ಲಿ ಮಾಡಿಸುತ್ತದೆ. ಒಂದು ಟಿಕ್‌ಗೆ ಇರುವುದು 50 ಮಿಲಿಸೆಕೆಂಡು. ಸ್ಕ್ರಿಪ್ಟು ಅಲ್ಲಿ ಎರಡು ಸೆಕೆಂಡು ಕೂತರೆ ಎರಡು ಸೆಕೆಂಡು ಇಡೀ ಲೋಕವೇ ನಿಲ್ಲುತ್ತದೆ: ಹಾರಿದವನು ಉಳಿದವರ ಕಣ್ಣಿಗೆ ಗಾಳಿಯಲ್ಲೇ ನಿಲ್ಲುತ್ತಾನೆ, ಹರಿಯುವ ನೀರು ನಿಂತಲ್ಲೇ ನಿಲ್ಲುತ್ತದೆ. ಎಲ್ಲರ ಸಮಯವನ್ನೂ ಸ್ಕ್ರಿಪ್ಟು ಹಂಚಿಕೊಂಡೇ ಬದುಕಬೇಕು ಅನ್ನುವುದು ಆ ಲೋಕದ ರಚನೆಯಲ್ಲೇ ಇದೆ.

ಬಿತ್ತನೆ

ಅಕ್ಕನ ಮಗಳ ಜೊತೆ ಕೂತು ಕಟ್ಟಳೆ ಮಾಡಿಕೊಂಡೆವು. ಸ್ಕ್ರಿಪ್ಟು ಬಿತ್ತಬಹುದು. ಬೀಜ ಪೆಟ್ಟಿಗೆಯಿಂದಲೇ ತೆಗೆಯಬೇಕು. ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ನಿಲ್ಲಿಸಬೇಕು. ಬೆಳೆಸುವುದು, ಕೊಯ್ಯುವುದು ಅದರ ಕೆಲಸ ಅಲ್ಲ. ಒಟ್ಟಿನಲ್ಲಿ ಆಟದೊಳಗಿನ ಮನುಷ್ಯನ ಕೈಯಲ್ಲಿ ಆಗದ್ದನ್ನು ಸ್ಕ್ರಿಪ್ಟೂ ಮಾಡಕೂಡದು.

ಬಿತ್ತನೆಯನ್ನೇ ಆರಿಸಿದ್ದಕ್ಕೆ ಕಾರಣ ಇತ್ತು. ಈ ಆಟದಲ್ಲಿ ರೆಡ್‌ಸ್ಟೋನ್ ಅಂತ ಒಳಗಿನದೇ ಒಂದು ಯಂತ್ರವಿದ್ಯೆ ಇದೆ. ಸನ್ನೆ ಎಳೆದರೆ ನೀರು ನುಗ್ಗಿ ಬಲಿತ ಬೆಳೆಯನ್ನೆಲ್ಲ ಕಿತ್ತು ಕಾಲುವೆಗೆ ತರುವ ಹಾಗೆ ಮಾಡಬಹುದು, ಕೆಳಗಿಟ್ಟ ಹಾಪರ್ ಅದನ್ನು ಪೆಟ್ಟಿಗೆಗೆ ಸೇರಿಸುತ್ತದೆ. ಇದನ್ನು ಚಿಕ್ಕವನೇ ಕಟ್ಟಿದ್ದ. ಆದರೆ ರೆಡ್‌ಸ್ಟೋನ್‌ನಿಂದ ಗೋಧಿ ಬೀಜ ನೆಡುವುದಕ್ಕೆ ಆಗುವುದಿಲ್ಲ. ಅದಕ್ಕೆ ಆಟಗಾರನೇ ಬೇಕು, ಇಲ್ಲವಾದರೆ ಹಳ್ಳಿಯ ರೈತ ಬೇಕು. ಕೊಯ್ಲನ್ನು ಯಂತ್ರಕ್ಕೆ ಬಿಟ್ಟುಕೊಟ್ಟ ಆಟ ಬಿತ್ತನೆಯನ್ನು ಜೀವ ಇರುವವರ ಕೈಯಲ್ಲೇ ಉಳಿಸಿದೆ. ನಮ್ಮ ಸ್ಕ್ರಿಪ್ಟು ಆ ಖಾಲಿ ಜಾಗದಲ್ಲಿ ಆಳಾಗಿ ಸೇರಿತು.

ಬರೆಯುವಾಗ ಕೆಲಸವನ್ನು ಎರಡು ಪಾಲು ಮಾಡಿದೆ. ಮೊದಲ ಪಾಲು ಲೋಕವನ್ನು ಮುಟ್ಟುವುದೇ ಇಲ್ಲ. ಹೊಲದ ಎರಡು ಮೂಲೆ ಕೊಟ್ಟರೆ ಅದು ಒಂದು ಪಟ್ಟಿ ಮಾಡಿಕೊಡುತ್ತದೆ: ಈ ಜಾಗದಲ್ಲಿ ಗೋಧಿ, ಈ ಜಾಗದಲ್ಲಿ ಕ್ಯಾರೆಟ್, ಹೀಗೆ. ಎರಡನೇ ಪಾಲು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಒಂದೊಂದಾಗಿ ನೆಡುತ್ತದೆ. ಕ್ಲೋಜರ್‌ನಲ್ಲಿ ಬರೆಯುವವರಿಗೆ ಈ ವಿಂಗಡಣೆ ಹೊಸದಲ್ಲ, ಭಾಷೆಯೇ ಅತ್ತ ಕರೆದುಕೊಂಡು ಹೋಗುತ್ತದೆ. ಹೊಸದಾಗಿ ಬರುವವರು ಗಮನಿಸಬೇಕಾದ ಒಂದು ಮಾತಿದೆ. ಪಟ್ಟಿಯ ಒಂದೊಂದಕ್ಕೂ ಒಂದು ಕೆಲಸ ಮಾಡುವ ಮ್ಯಾಪ್ ಅನ್ನುವ ಫಂಕ್ಷನ್ ಕ್ಲೋಜರ್‌ನಲ್ಲಿ ಸೋಮಾರಿ. ಫಲಿತಾಂಶವನ್ನು ಯಾರೂ ಕೇಳದಿದ್ದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಪಟ್ಟಿ ಮಾಡುವುದಕ್ಕೆ ಅದು ಸೊಗಸು, ಬ್ಲಾಕು ಇಡುವಂಥ ಕೆಲಸಕ್ಕೆ ಕೂಡಲೇ ಮಾಡಿ ಮುಗಿಸುವ ಡೂಸೀಕ್ ಬೇಕು.

ಪಟ್ಟಿ ಬರೀ ದತ್ತಾಂಶ ಆಗಿರುವುದರಿಂದ ಬಿತ್ತುವ ಮೊದಲೇ ಅದನ್ನು ಪರದೆಯ ಮೇಲೆ ಹರಡಿಕೊಂಡು ಚರ್ಚೆ ಮಾಡಬಹುದಿತ್ತು. ಮಾಡಿದೆವು ಕೂಡ. ಇಡೀ ಹೊಲಕ್ಕೆ ಗೋಧಿಯನ್ನೇ ಹಾಕಿದರೆ ಬೆಳವಣಿಗೆ ಅರ್ಧಕ್ಕೆ ಇಳಿಯುತ್ತದೆ ಅಂತ ಅವಳಿಗೆ ಗೊತ್ತಿತ್ತು. ಒಂದೇ ಬೆಳೆ ಉದ್ದಕ್ಕೂ ಅಡ್ಡಕ್ಕೂ ಎರಡೂ ದಿಕ್ಕಿನಲ್ಲಿ ಪಕ್ಕದಲ್ಲೇ ಇದ್ದರೆ, ಇಲ್ಲವೇ ಮೂಲೆಗೆ ಮೂಲೆ ತಾಗಿದರೆ ಆಟ ಅದನ್ನು ಹಿಂದಕ್ಕೆ ಎಳೆಯುತ್ತದೆ. ಒದ್ದೆ ಮಣ್ಣಿನಲ್ಲಿ ಸಾಲು ಬಿಟ್ಟು ಸಾಲು ಬೇರೆ ಬೆಳೆ ಹಾಕಿದರೆ ಪೈರಿನ ಸರದಿ ಬಂದಾಗ ಅದು ಮೇಲೇಳುವ ಸಾಧ್ಯತೆ ಮೂರರಲ್ಲಿ ಒಂದು, ಒಂದೇ ಬೆಳೆ ಒತ್ತಿ ಹಾಕಿದರೆ ಆರರಲ್ಲಿ ಒಂದು. ಹಾಗಾಗಿ ಬೆಸ ಸಾಲಿಗೆ ಗೋಧಿ, ಸಮ ಸಾಲಿಗೆ ಕ್ಯಾರೆಟ್ ಅಂತ ತೀರ್ಮಾನ ಆಯಿತು. ಕೋಡಿನಲ್ಲಿ ಅದು ಒಂದೇ ಒಂದು ಪ್ರಶ್ನೆ: ಸಾಲಿನ ಸಂಖ್ಯೆ ಬೆಸವಾ?

ಆಮೇಲೆ ಪೆಟ್ಟಿಗೆ. ಬೀಜ ಎಷ್ಟಿವೆ ಅಂತ ಮೊದಲೇ ಎಣಿಸಿ ಪಟ್ಟಿಯ ಮೊದಲಿನಿಂದ ಅಷ್ಟನ್ನೇ ತೆಗೆದುಕೊಂಡರೆ ಸಾಲದು. ಇದು ನಾಲ್ಕು ಜನ ಓಡಾಡುವ ಲೋಕ, ಬಿತ್ತುವ ನಡುವೆ ಯಾರಾದರೂ ಬಂದು ಪೆಟ್ಟಿಗೆಗೆ ಕೈ ಹಾಕಬಹುದು. ಆದ್ದರಿಂದ ಪ್ರತಿ ಪಾತಿಗೂ ಹೊಸದಾಗಿ ಪೆಟ್ಟಿಗೆಯನ್ನು ಕೇಳಬೇಕು: ಇದೆಯಾ? ಇದ್ದರೆ ಒಂದು ಕಮ್ಮಿ ಮಾಡಿಕೊಂಡು ನೆಡು, ಇಲ್ಲದಿದ್ದರೆ ಅಲ್ಲಿಗೇ ಬಿಡು. ಮತ್ತೆ ಇದೆಲ್ಲ ಎಷ್ಟು ವೇಗವಾಗಿ ಆಗಬೇಕು ಅಂತ ಕೇಳಿದ್ದಕ್ಕೆ, "ನಾನು ಬಿತ್ತೋ ಅಷ್ಟೇ" ಅಂದಳು. ಹತ್ತು ಟಿಕ್‌ಗೆ ಒಂದು ಪಾತಿ, ಅಂದರೆ ಸೆಕೆಂಡಿಗೆ ಎರಡು. 80 ಪಾತಿಗೆ 40 ಸೆಕೆಂಡು.

ಮೊದಲ ಸಲ ಓಡಿಸಿದ ಆ ಗಳಿಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಾಲಿನ ತುದಿಯಿಂದ ಪುಟ್ಟ ಹಸಿರು ಎಸಳುಗಳು ಒಂದರ ಪಕ್ಕ ಒಂದು ಏಳುತ್ತ ಬಂದವು. ಅವಳು ಅದರ ಜೊತೆಜೊತೆಗೇ ಬದುವಿನ ಮೇಲೆ ನಡೆದುಕೊಂಡು ಹೋದಳು, ಮೇಸ್ತ್ರಿ ಹಾಗೆ. ತಮ್ಮ ಸುಮ್ಮನಿರಲಿಲ್ಲ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಓಡಿಹೋಗಿ ಪೆಟ್ಟಿಗೆ ತೆರೆದು ಗೋಧಿ ಬೀಜ ಅಷ್ಟನ್ನೂ ತನ್ನ ಜೇಬಿಗೆ ತುಂಬಿಕೊಂಡ. ಬಿತ್ತನೆ ಸಾಲಿನ ಅರ್ಧದಲ್ಲಿ ನಿಂತಿತು. ಅವನು ಬಂದು ಮುಂದಿನ ಖಾಲಿ ಪಾತಿಯನ್ನು ಬಗ್ಗಿ ನೋಡಿದ, ನನ್ನ ಮುಖ ನೋಡಿದ. "ನಿಜವಾಗ್ಲೂ ನಿಂತ್ಬಿಡ್ತು ಕಣೇ" ಅಂತ ಅಕ್ಕನಿಗೆ ಹೇಳಿದ. ಆವತ್ತಿನಿಂದ ಅವರಿಬ್ಬರೂ ಸ್ಕ್ರಿಪ್ಟನ್ನು ನಂಬಿದರು. ನಾನು ಹೇಳಿದ್ದೆ ಅಂತ ನಂಬಿದ್ದಲ್ಲ, ಕದ್ದು ನೋಡಿ ಪರೀಕ್ಷೆ ಮಾಡಿ ನಂಬಿದ್ದು.

ನೆಡುವ ಮೊದಲು ಅಲ್ಲಿ ಏನಿತ್ತು ಅನ್ನುವುದನ್ನೂ ಅದೇ ರೂಪದ ಪಟ್ಟಿಯಾಗಿ ಒಂದು ಆಟಮ್‌ನಲ್ಲಿ (ಬದಲಾಗುವ ಮಾಹಿತಿ ಇಡುವ ಕ್ಲೋಜರ್‌ನ ಡಬ್ಬಿ) ಎತ್ತಿಡುತ್ತೇನೆ. ಬೇಡ ಅನ್ನಿಸಿದರೆ ಹಳೆಯ ಪಟ್ಟಿಯನ್ನು ಅದೇ ನೆಡುವ ಪಾಲಿಗೆ ಕೊಟ್ಟರಾಯಿತು, ಲೋಕ ಹಿಂದಕ್ಕೆ ಹೋಗುತ್ತದೆ. ಅಳಿಸಲು ಬೇರೆ ಕೋಡು ಬರೆಯುವ ಅಗತ್ಯವೇ ಬೀಳಲಿಲ್ಲ. ಹಾಗೆ ಹಿಂದೆ ಹೋದಾಗ ಬೀಜವೂ ಪೆಟ್ಟಿಗೆಗೆ ವಾಪಸ್ ಬರಬೇಕು ಅನ್ನುವುದು ಅವಳದೇ ಷರತ್ತು.

ಸವೆದ ದಾರಿ

ಎರಡನೆಯ ಸ್ಕ್ರಿಪ್ಟು ನನ್ನದೇ ಆಸೆ. ಮಕ್ಕಳ ಹಳ್ಳಿಯಲ್ಲಿ ದಾರಿಗಳೇ ಇರಲಿಲ್ಲ, ಎಲ್ಲ ಕಡೆ ಹುಲ್ಲು. ಬ್ಲಾಕು ಲೆಕ್ಕ ಹಾಕಿ ನೇರ ರಸ್ತೆ ಹಾಕಿಸುವುದು ಸುಲಭ, ಆದರೆ ಹಳ್ಳಿಯ ದಾರಿಗಳು ಹಾಗೆ ಹುಟ್ಟುವುದಿಲ್ಲ. ಜನ ನಡೆದು ನಡೆದು ಸವೆದದ್ದೇ ದಾರಿ. ಅದನ್ನೇ ಮಾಡೋಣ ಅನ್ನಿಸಿತು.

ಕ್ಲೋಜರ್‌ನಲ್ಲಿ ಫ್ರೀಕ್ವೆನ್ಸೀಸ್ ಅಂತ ಒಂದು ಫಂಕ್ಷನ್ ಇದೆ. ಯಾವುದೇ ಪಟ್ಟಿ ಕೊಟ್ಟರೆ ಯಾವುದು ಎಷ್ಟು ಸಲ ಬಂದಿದೆ ಅಂತ ಎಣಿಸಿಕೊಡುತ್ತದೆ, ಅಷ್ಟೇ. ಮೂರು ಟಿಕ್‌ಗೊಮ್ಮೆ ಪ್ರತಿ ಆಟಗಾರನ ಕಾಲ ಕೆಳಗಿನ ಬ್ಲಾಕು ಯಾವುದು ಅಂತ ಬರೆದುಕೊಳ್ಳುವುದು. ಸೆಕೆಂಡಿಗೊಮ್ಮೆ ನೋಡಿದರೆ ಆಗುವುದಿಲ್ಲ; ಆಟದಲ್ಲಿ ನಡಿಗೆಯ ವೇಗವೇ ಸೆಕೆಂಡಿಗೆ ಸುಮಾರು 4.3 ಬ್ಲಾಕು, ಓಡಿದರೆ 5.6, ನಡುವಿನ ಹೆಜ್ಜೆಗಳು ತಪ್ಪಿಹೋಗುತ್ತವೆ. ನಿಂತಲ್ಲೇ ನಿಂತವರನ್ನು ಮತ್ತೆ ಮತ್ತೆ ಎಣಿಸುವುದಿಲ್ಲ, ಇಲ್ಲದಿದ್ದರೆ ಒಲೆಯ ಮುಂದೆ ಕಾಯುತ್ತ ನಿಂತವನ ಕಾಲಡಿ ಗುಂಡಿ ಬಿದ್ದೀತು. ಎಣಿಕೆ ಒಂದು ಮಿತಿ ದಾಟಿದ ಕಡೆ ಹುಲ್ಲಿದ್ದರೆ ಅದು ಮಣ್ಣುದಾರಿ ಆಗುತ್ತದೆ. ಆಟಗಾರ ಸಲಿಕೆಯಲ್ಲಿ ಹುಲ್ಲು ಕೆರೆದು ಮಾಡುವ ದಾರಿ ಇದೇ ಆದ್ದರಿಂದ ಅವಳ ಕಟ್ಟಳೆಗೂ ಒಪ್ಪಿತು. ಆಟದ ಒಂದು ದಿನ ಅಂದರೆ ನಮ್ಮ 20 ನಿಮಿಷ. ಪ್ರತಿ 20 ನಿಮಿಷಕ್ಕೆ ಎಲ್ಲ ಎಣಿಕೆಯನ್ನೂ ಸ್ವಲ್ಪ ಇಳಿಸುತ್ತೇನೆ. ಯಾರೂ ನಡೆಯದೆ ಬಿಟ್ಟ ದಾರಿಯನ್ನು ಸ್ಕ್ರಿಪ್ಟು ಬರೀ ಮಣ್ಣಾಗಿ ಮಾಡುತ್ತದೆ. ಅಲ್ಲಿಂದ ಮುಂದೆ ನನ್ನ ಕೆಲಸ ಇಲ್ಲ, ಪಕ್ಕದ ಹುಲ್ಲು ತಾನೇ ಹಬ್ಬಿಕೊಳ್ಳುತ್ತದೆ.

ದಾರಿಗಳು ಮೂಡುವುದನ್ನು ನೋಡುವುದು ನನಗೆ ಬೇರೆಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟಿತು. ಮನೆಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಹೊಲಕ್ಕೆ. ಬಾವಿಯನ್ನು ಬಳಸಿಕೊಂಡು ಒಂದು ತಿರುವು, ಯಾಕೆಂದರೆ ಚಿಕ್ಕವನು ಯಾವಾಗಲೂ ಅಲ್ಲಿ ಓಡುತ್ತ ಬಂದು ಹಾರುತ್ತಿದ್ದ. ಇವರು ಆ ಹಳ್ಳಿಯಲ್ಲಿ ಬದುಕುವ ರೀತಿಯೇ ನೆಲದ ಮೇಲೆ ಬರೆದುಕೊಂಡಿತ್ತು. ಎರಡನೆಯ ದಿನವೋ ಮೂರನೆಯ ದಿನವೋ ಹಳ್ಳಿಯ ಹಿಂದಿನ ಗುಡ್ಡ ಹತ್ತಿ ಆಚೆ ಇಳಿಯುವ ಒಂದು ಸಣ್ಣ ದಾರಿ ಕಾಣಿಸಿತು. ಅಕ್ಕ ಅದನ್ನೇ ಹಿಡಿದು ಹೋದಳು. ಗುಡ್ಡದ ಆಚೆ ಬದಿಯಲ್ಲಿ ಒಂದು ಬಾಗಿಲು, ಒಳಗೆ ಒಂದು ಪುಟ್ಟ ಗವಿ. ಒಂದು ಹಾಸಿಗೆ, ಒಂದು ಪಂಜು, ಸಾಕಿದ ಒಂದು ಬೆಕ್ಕು. ಅಷ್ಟೇ ಇದ್ದದ್ದು. ತಮ್ಮ ಅದನ್ನು ಯಾರಿಗೂ ಹೇಳಿರಲಿಲ್ಲ.

ಅವನಿಗೆ ಬಂದ ಸಿಟ್ಟು ಆಟದ ಸಿಟ್ಟಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಹತ್ತಿರ ಬಂದ. "ನಾನು ಎಲ್ಲೋಗ್ತೀನಿ ಅಂತ ನೀನ್ಯಾಕೆ ಬರ್ಕೊಂಡೆ?" ಅದಕ್ಕೆ ಏನು ಹೇಳುವುದು? ಎಲ್ಲರದ್ದೂ ಬರೆದುಕೊಂಡಿದ್ದೆ, ನಿನ್ನದೊಂದೇ ಅಲ್ಲ ಅನ್ನುವುದು ಉತ್ತರ ಅಲ್ಲ. ದಾರಿ ಚೆನ್ನಾಗಿದೆಯಲ್ಲ ಅನ್ನುವುದೂ ಉತ್ತರ ಅಲ್ಲ. ನಾವು ದಿನವೂ ಜೇಬಿನಲ್ಲಿಟ್ಟುಕೊಂಡು ಓಡಾಡುವ ಯಂತ್ರಗಳ ಬಗ್ಗೆ ದೊಡ್ಡವರು ಕೇಳಬೇಕಾದ ಪ್ರಶ್ನೆ ಇದು. ನಾವು ಕೇಳುವುದಿಲ್ಲ, ಯಾಕೆಂದರೆ ಕೇಳುವುದು ಯಾರ ಹತ್ತಿರ ಅಂತಲೇ ನಮಗೆ ಗೊತ್ತಿಲ್ಲ. ಅವನಿಗೆ ಗೊತ್ತಿತ್ತು. ಬರೆದುಕೊಂಡವನು ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

ಪರಿಹಾರವನ್ನೂ ಅವನೇ ಹೇಳಿದ. ಆಟದಲ್ಲಿ ಶಿಫ್ಟ್ ಒತ್ತಿಕೊಂಡರೆ ಬಗ್ಗಿ, ಸದ್ದಿಲ್ಲದೆ, ನಿಧಾನವಾಗಿ ನಡೆಯಬಹುದು. ಹಾಗೆ ನಡೆದವರ ಹೆಜ್ಜೆ ಲೆಕ್ಕಕ್ಕೆ ಬರಬಾರದು. ಆಟಗಾರ ಬಗ್ಗಿದ್ದಾನಾ ಅಂತ ಸರ್ವರ್‌ಗೆ ಗೊತ್ತಿರುತ್ತದೆ, ಕ್ಲೋಜರ್‌ನಲ್ಲಿ ಅದಕ್ಕೆ ರಿಮೂವ್ ಅನ್ನುವ ಒಂದು ಪದ ಸಾಕು. ಎಲ್ಲಿ ಹಾಕಬೇಕು ಅನ್ನುವುದರ ಮೇಲೆ ಮಾತ್ರ ಚರ್ಚೆ ನಡೆಯಿತು. ಎಲ್ಲವನ್ನೂ ಬರೆದುಕೊಂಡು ಎಣಿಸುವಾಗ ಬಿಟ್ಟರೂ ದಾರಿ ಒಂದೇ ಥರ ಮೂಡುತ್ತದೆ. ಆದರೆ ಹೆಜ್ಜೆ ಎಲ್ಲೋ ಒಂದು ಕಡೆ ಉಳಿದಿರುತ್ತದೆ. ಅವನಿಗೆ ಆ ವ್ಯತ್ಯಾಸ ಕಾಗದದ ಮೇಲೆ ಎರಡು ಚಿತ್ರ ಬರೆದು ತೋರಿಸಿದೆ. "ಬರ್ಕೊಳ್ಳೋದೇ ಬ್ಯಾಡ" ಅಂದ. ಬರೆದುಕೊಳ್ಳುವ ಜಾಗದಲ್ಲೇ ಹಾಕಿದೆವು. ಹಳೆಯ ಹೆಜ್ಜೆಗಳಿದ್ದ ಆಟಮ್ ಅನ್ನು ಅವನ ಎದುರಿಗೇ ಖಾಲಿ ಮಾಡಿದೆ, ಖಾಲಿ ಅಂತ ರೆಪಲ್ ತೋರಿಸಿದ್ದನ್ನು ಅವನೇ ಓದಿಕೊಂಡ. ಗುಡ್ಡದ ಮೇಲಿನ ದಾರಿಯಲ್ಲಿ ಹುಲ್ಲು ಬರಲು ಆಟದ ಕೆಲವು ದಿನಗಳೇ ಹಿಡಿದವು.

ಜಗಳ ಆಡಬಹುದಾದಷ್ಟು ಚಿಕ್ಕದು

ಆಟದ ಲೋಕವನ್ನು ಸ್ಕ್ರಿಪ್ಟಿಗೆ ಒಪ್ಪಿಸುವುದು ಅಂದರೆ ದೊಡ್ಡ ಕೋಟೆಯನ್ನೋ ನಗರವನ್ನೋ ಒಂದೇ ಏಟಿಗೆ ಎಬ್ಬಿಸುವುದು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅದನ್ನೂ ಮಾಡಿ ನೋಡಬಹುದು. ಆಟದಲ್ಲಿ ಜಾಗ ತುಂಬಿಸುವ ಫಿಲ್ ಕಮಾಂಡಿಗೆ ಒಂದು ಸಲಕ್ಕೆ 32,768 ಬ್ಲಾಕುಗಳ ಮಿತಿ ಇಟ್ಟಿದ್ದಾರೆ, ಸ್ಕ್ರಿಪ್ಟಿನಲ್ಲಿ ಅದನ್ನು ತುಂಡು ತುಂಡಾಗಿ ಕಳಿಸಿದರೆ ಬೆಟ್ಟವನ್ನೇ ಕಟ್ಟಬಹುದು. ಆದರೆ ಹಾಗೆ ಎದ್ದ ಕೋಟೆಯಲ್ಲಿ ಮಕ್ಕಳು ಒಂದು ಸುತ್ತು ಹೊಡೆದು ಬಂದುಬಿಡುತ್ತಾರೆ, ಇರುವುದಕ್ಕೆ ಹೋಗುವುದಿಲ್ಲ. ಅವರ ದಿನದಲ್ಲಿ ಉಳಿದದ್ದು ಬಿತ್ತುವ ಸ್ಕ್ರಿಪ್ಟು, ದಾರಿಯ ಸ್ಕ್ರಿಪ್ಟು. ಎರಡೂ ಲೋಕದ ವೇಗಕ್ಕೆ ತಕ್ಕ ಹಾಗೆ ನಡೆಯುತ್ತವೆ, ಬೆಲೆ ಕೊಡುತ್ತವೆ, ಬೇಡ ಅಂದರೆ ನಿಲ್ಲುತ್ತವೆ.

ಅವು ಹಾಗೆ ಆಗಿದ್ದು ಚಿಕ್ಕದಾಗಿದ್ದರಿಂದ. ಮಕ್ಕಳು ಒಂದು ಕಟ್ಟಳೆ ಹೇಳಿದಾಗ ಅದು ಕೋಡಿನಲ್ಲಿ ಎಲ್ಲಿ ಕೂರುತ್ತದೆ ಅಂತ ಬೆರಳಿಟ್ಟು ತೋರಿಸಬಹುದಿತ್ತು. ಬೀಜದ ಕಟ್ಟಳೆ ಒಂದು ಸಾಲು, ಬಗ್ಗಿ ನಡೆಯುವುದರ ಕಟ್ಟಳೆ ಒಂದು ಪದ. ಸಾಲನ್ನು ತೆಗೆದರೆ ಏನಾಗುತ್ತದೆ, ಮತ್ತೆ ಹಾಕಿದರೆ ಏನಾಗುತ್ತದೆ ಅಂತ ಆಟ ನಡೆಯುತ್ತಿರುವಾಗಲೇ ನೋಡಬಹುದಿತ್ತು. ಸ್ಕ್ರಿಪ್ಟಿನ ಜೊತೆ ಜಗಳ ಆಡಿ ಗೆಲ್ಲಬಹುದು ಅನ್ನುವುದು ಹನ್ನೊಂದು ವರ್ಷದವಳಿಗೂ ಎಂಟು ವರ್ಷದವನಿಗೂ ಗೊತ್ತಾಯಿತು. ಇಂಟರ್‌ನೆಟ್‌ನಲ್ಲಿ ಸಿಗುವ ದೊಡ್ಡ ಮಾಡ್ (ಆಟವನ್ನು ಬದಲಾಯಿಸುವ ಸಿದ್ಧ ಪ್ರೋಗ್ರಾಮು) ಒಂದನ್ನು ತಂದು ಹಾಕಿದ್ದರೆ ಇದಕ್ಕಿಂತ ಹತ್ತು ಪಟ್ಟು ಕೆಲಸ ಆಗುತ್ತಿತ್ತು, ನಿಜ. ಬೀಜ ಎಲ್ಲಿಂದ ಬಂತು ಅಂತ ಅದನ್ನು ಕೇಳುವ ಹಾಗಿರಲಿಲ್ಲ.

ಕೋಡು ಓದಲು ಅವಳಿಗೆ ಆಸೆ ಹುಟ್ಟಿದ ಮೇಲೆ ಫಂಕ್ಷನ್‌ಗಳ ಹೆಸರನ್ನು ಕನ್ನಡಕ್ಕೆ ಬದಲಾಯಿಸಿದೆ. ಕ್ಲೋಜರ್ ಕನ್ನಡ ಅಕ್ಷರದ ಹೆಸರುಗಳನ್ನು ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಬಿತ್ತಬೇಕಾದರೆ ಈಗ ಅವಳು ಟೈಪ್ ಮಾಡುವುದು ಇಷ್ಟು:

(ಬಿತ್ತು ಹೊಲ ಪೆಟ್ಟಿಗೆ)

ಕ್ರಿಯಾಪದ ಮೊದಲು ಬರುವುದು ಅವಳಿಗೆ ವಿಚಿತ್ರ ಅನ್ನಿಸಿತು. ಆಗ ಬಾಣದ ಗುರುತಿನ ಮ್ಯಾಕ್ರೋ ತೋರಿಸಿದೆ. ಅದು ಮೊದಲು ವಸ್ತುವನ್ನು ಇಟ್ಟುಕೊಂಡು, ಒಂದೊಂದು ಕೆಲಸದ ಫಲವನ್ನು ಮುಂದಿನ ಕೆಲಸಕ್ಕೆ ದಾಟಿಸುತ್ತ ಹೋಗುತ್ತದೆ. ದಾರಿಯ ಸ್ಕ್ರಿಪ್ಟಿನ ಎರಡು ಮುಖ್ಯ ಸಾಲುಗಳು ಈಗ ಹೀಗಿವೆ:

(->> ಆಟಗಾರರು ಬಗ್ಗಿದವರನ್ನು-ಬಿಟ್ಟು ಕಾಲಡಿಯ-ನೆಲ-ನೋಡಿ ಬರೆದುಕೋ)

(->> ಹೆಜ್ಜೆಗಳು ಎಣಿಸಿ ಸವೆದದ್ದನ್ನು-ಆರಿಸಿ ದಾರಿ-ಮಾಡು)

ಬಿಟ್ಟು, ನೋಡಿ, ಎಣಿಸಿ, ಆರಿಸಿ, ಕೊನೆಗೆ ಮಾಡು. ಅಡುಗೆ ಹೇಳಿಕೊಡುವಾಗ, ದಾರಿ ಹೇಳುವಾಗ ನಾವು ಮಾತಾಡುವುದೇ ಹೀಗೆ. ವರ್ಷಗಟ್ಟಲೆ ಈ ಮ್ಯಾಕ್ರೋ ಬಳಸಿದ್ದರೂ ಹೆಸರುಗಳು ಕನ್ನಡಕ್ಕೆ ಬಂದ ಮೇಲೇ ನನಗೆ ಅದರ ಓಟ ಇಷ್ಟು ಹತ್ತಿರದ್ದು ಅಂತ ಕಂಡಿತು. ಚಿಕ್ಕವನು ಮೊದಲ ಸಾಲನ್ನು ಜೋರಾಗಿ ಓದಿ, "ಬಗ್ಗಿದವರನ್ನು ಬಿಟ್ಟು" ಬರುವ ಕಡೆ ಬೆರಳಿಟ್ಟು, "ಇದು ನಂದು" ಅಂದ.

ಈಗಿನ ತಕರಾರು

ರಜೆ ಮುಗಿದು ಅವರು ಊರಿಗೆ ಹೋದ ಮೇಲೂ ಭಾನುವಾರ ಸರ್ವರ್ ಹಚ್ಚುತ್ತೇವೆ. ಹೊಸ ತಗಾದೆ ಶುರುವಾಗಿದೆ. ಆಟಗಾರರು ಹತ್ತಿರ ಇಲ್ಲದಿದ್ದರೆ ಪೈರು ಬೆಳೆಯುವುದಿಲ್ಲ, ಸರ್ವರ್ ನಿಲ್ಲಿಸಿದ್ದರಂತೂ ಕಾಲವೇ ನಿಂತಿರುತ್ತದೆ. ಹೋದ ಭಾನುವಾರ ಬಿತ್ತಿದ್ದು ಈ ಭಾನುವಾರವೂ ಎಸಳಾಗಿಯೇ ಇರುತ್ತದೆ. ಚಿಕ್ಕವನ ವಾದ: "ನಾವು ಊರಲ್ಲಿಲ್ಲ ಅಂತ ಅಜ್ಜನ ಗದ್ದೆ ಬೆಳೆಯೋದು ನಿಲ್ಸುತ್ತಾ? ಕಳೆದ ಹೊತ್ತಿನ ಲೆಕ್ಕ ಹಾಕಿ ಬೆಳೆಸು." ಲೆಕ್ಕ ಹಾಕಬಹುದು. ಸರದಿ ಬರುವುದಕ್ಕೆ ಸರಾಸರಿ 68 ಸೆಕೆಂಡು, ಮೂರು ಸರದಿಗೆ ಒಂದು ಹಂತ, ದಾಟಬೇಕಾದ್ದು ಏಳು ಸಲ: ಬಿತ್ತಿದ್ದು ಬಲಿಯಲು ಸರಾಸರಿ 24 ನಿಮಿಷ ಸಾಕು. ಅಂದರೆ ವಾರ ಬಿಟ್ಟು ಬಂದರೆ ಹೊಲ ಪೂರ್ತಿ ಬಲಿತಿರಬೇಕು.

ಅಕ್ಕ ಒಪ್ಪುತ್ತಿಲ್ಲ. ಅವಳ ಪ್ರಕಾರ ಹೊತ್ತನ್ನು ಲೆಕ್ಕ ಹಾಕುವುದಾದರೆ ನಷ್ಟವನ್ನೂ ಹಾಕಬೇಕು. ಆಟದಲ್ಲಿ ಉತ್ತ ಮಣ್ಣಿನ ಮೇಲೆ ಯಾರಾದರೂ ಹಾರಿ ಬಿದ್ದರೆ ಪಾತಿ ಹಾಳಾಗುತ್ತದೆ, ಬೀಜ ಕಿತ್ತು ಹೊರಗೆ ಬರುತ್ತದೆ. ಕಾಯುವವರಿಲ್ಲದ ಹೊಲದಲ್ಲಿ ವಾರಪೂರ್ತಿ ಒಂದು ಕುರಿಯೂ ಹಾರಲಿಲ್ಲವಾ ಅಂತ ಕೇಳುತ್ತಾಳೆ. ಬೇಲಿ ಇದ್ದ ಹೊಲಕ್ಕೂ ಇಲ್ಲದ ಹೊಲಕ್ಕೂ ಒಂದೇ ಲೆಕ್ಕ ಆಗಬಾರದು ಅನ್ನುವುದು ಅವಳ ಎರಡನೆಯ ಮಾತು. ನನಗೆ ಇಬ್ಬರದೂ ಸರಿ ಅನ್ನಿಸುತ್ತದೆ, ಅವಳದು ಸ್ವಲ್ಪ ಹೆಚ್ಚು ಸರಿ. ಹೊಲದ ಸುತ್ತಲಿನ ಬ್ಲಾಕುಗಳಲ್ಲಿ ಬೇಲಿ ಇಲ್ಲದ ಜಾಗ ಎಷ್ಟು ಅಂತ ಎಣಿಸುವ ಫಂಕ್ಷನ್ ಬರೆದು ಕಳಿಸಿದ್ದೇನೆ. ನಷ್ಟ ಎಷ್ಟಿರಬೇಕು ಅನ್ನುವ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ಅದನ್ನು ಅವರಿಬ್ಬರೂ ಮಾತಾಡಿಕೊಂಡು ತುಂಬಬೇಕು. ಸದ್ಯಕ್ಕೆ ಅಕ್ಕ ನೂರಕ್ಕೆ ಮೂವತ್ತು ಅನ್ನುತ್ತಿದ್ದಾಳೆ, ತಮ್ಮ ಐದಕ್ಕಿಂತ ಮೇಲೆ ಬರುವುದಿಲ್ಲ ಅಂತ ಕೂತಿದ್ದಾನೆ, ಅವನು ಈ ವಾರ ಬೇಲಿ ಹಾಕುವುದಕ್ಕೆ ಮರ ಕಡಿಯುತ್ತಿದ್ದಾನೆ.